ಮೊಣಕಾಲು ಬಗ್ಗಿಸಿ ನಿಂತ ಫಾರ್ವರ್ಡು

ಹೆಣ್ಣಾಗಿ ಹುಟ್ಟಿ ಎತ್ತರಕ್ಕೆ ಬೆಳೆಯುವುದು ದೊಡ್ಡವರ ಮಾತು ಮೀರಿದಂತೆ ಎಂದು ನಮ್ಮ ಮನೆಯವರು ತಿಳಿದಿದ್ದರು. ನಾನು ಬೇಕೆಂದೇ ಬೆಳೆದೆನೇನೋ ಎಂಬಂತೆ ಎಲ್ಲರೂ ನನ್ನನ್ನು ತಲೆ ಎತ್ತಿ ಗದರುತ್ತಿದ್ದರು. ವರಗಳು ನೋಡಲು ಬರತೊಡಗಿದಾಗ ಯಡ್ರಾಮಿಯ ಕಾಕಿ ನನಗೊಂದು ವಿದ್ಯೆ ಕಲಿಸಿದಳು. ಸೀರೆಯ ಒಳಗೆ ಮೊಣಕಾಲು ಚೂರು ಬಗ್ಗಿಸಬೇಕು, ಹೆಗಲು ಇಳಿಬಿಡಬೇಕು, ನಾಚಿಕೆ ಎಂಬ ನೆಪದಲ್ಲಿ ಕತ್ತು ಒಳಗೆ ಎಳೆದುಕೊಳ್ಳಬೇಕು. ಹೀಗೆ ಮಾಡಿದರೆ ನಾಲ್ಕು ಬೆರಳು ಕಡಿಮೆಯಾಗುತ್ತಿದ್ದೆ. ಆದರೂ ಒಬ್ಬ ವರನ ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಿ ಛಲೋ ಅದಾಳ್ರಿ. ಆದ್ರ ನಾಳೆ ಫೋಟೋದಾಗ ನಮ್ಮ ಹುಡುಗನ್ನ ಎಲ್ಲಿ ಹುಡುಕೋದು?" ಎಂದುಬಿಟ್ಟರು. ಕೊನೆಗೆ ಒಪ್ಪಿದವರು ನನ್ನ ಕಿವಿಯವರೆಗೆ ಬರುವ ನಮ್ಮ ಯಜಮಾನರು. ಬಾಸಿಂಗ ಕಟ್ಟಿಕೊಂಡಾಗ ಇಬ್ಬರೂ ಸಮನಾಗಿದ್ದೆವೆಂದು ಅವರು ಇಂದಿಗೂ ವಾದಿಸುತ್ತಾರೆ. ನಾನು ಆಗಲೂ ಬಗ್ಗಿಯೇ ನಿಂತಿದ್ದೆ ಎಂಬುದನ್ನು ಅವರಿಗೆ ಹೇಳಿಲ್ಲ.

ನನ್ನ ಎತ್ತರವನ್ನು ಯಾರೂ ಆಡಿಕೊಳ್ಳದ ಜಾಗ ಒಂದೇ ಇತ್ತು, ಬಾಸ್ಕೆಟ್‌ಬಾಲ್ ಅಂಕಣ. ಕಾಲೇಜಿನಲ್ಲಿ ನಾನು ಫಾರ್ವರ್ಡ್ ಆಡುತ್ತಿದ್ದೆ. ಫಾರ್ವರ್ಡ್ ಎಂದರೆ ರಿಂಗಿನ ಹತ್ತಿರವೇ ಠಿಕಾಣಿ ಹಾಕಿ, ತಪ್ಪಿ ಬಂದ ಚೆಂಡನ್ನು ಉಳಿದವರ ತಲೆಯ ಮೇಲಿಂದ ಹಿಡಿದು, ತಳ್ಳಾಟದ ನಡುವೆಯೇ ಬುಟ್ಟಿಗೆ ಹಾಕುವವಳು. ಅಲ್ಲಿ ನಾನು ಮೊಣಕಾಲು ಬಗ್ಗಿಸುತ್ತಿದ್ದುದು ಜಿಗಿಯುವುದಕ್ಕೆ ಮಾತ್ರ. ಆಗ ಹೆಂಗಸರನ್ನು ಸಂಬಳ ಕೊಟ್ಟು ಆಡಿಸುವ ತಂಡಗಳು ಇರಲಿಲ್ಲ, ಇದ್ದರೂ ಅವರಿಗೆ ಆಳಂದ ಎಲ್ಲಿದೆ ಎಂದು ಗೊತ್ತಿರುತ್ತಿರಲಿಲ್ಲ. ಪದವಿ ಮುಗಿಯಿತು, ಆಟವೂ ಮುಗಿಯಿತು. ಈಗ ಆಳಂದದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಟ ಆಡಿಸುವ ಮೇಡಂ ಆಗಿದ್ದೇನೆ. ಆದರೆ ಆ ಹುಚ್ಚು ಬಿಟ್ಟಿಲ್ಲ. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲೋ ಅಫಜಲಪುರದ ಸಂತೆಯಲ್ಲೋ ಉದ್ದನೆಯ ಹುಡುಗಿ ಕಂಡರೆ ಸಾಕು, ಅವಳ ಅಂಗೈ ಎಷ್ಟು ಅಗಲ, ತೋಳು ಎಷ್ಟು ಉದ್ದ ಎಂದು ಕಣ್ಣಲ್ಲೇ ಅಳೆಯುತ್ತೇನೆ. "ಸಾಕ ಬಿಡು, ಮಂದಿ ನೋಡಾಕತ್ತಾರ. ಮಗನಿಗೆ ಹೆಣ್ಣು ಹುಡುಕಾಕತ್ತಾಳ ಅಂತಾರ" ಎಂದು ಯಜಮಾನರು ಸೆರಗು ಜಗ್ಗುತ್ತಾರೆ. ನಮಗೆ ಮಗನೇ ಇಲ್ಲ.

ಈ ವರ್ಷ ಬೆಂಗಳೂರಿನ ಒಂದು ತಂಡದವರು ಫೋನ್ ಮಾಡಿದರು. ಹೊಸದಾಗಿ ಹೆಣ್ಣುಮಕ್ಕಳ ಲೀಗು ಶುರುವಾಗಿದೆಯಂತೆ. ಕಾಲೇಜುಗಳಿಂದ ಹುಡುಗಿಯರ ಹೆಸರು ತರಿಸಿಕೊಂಡು, ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವಂತೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. "ಒಳ್ಳೆ ಫಾರ್ವರ್ಡ್ ಇದ್ರೆ ಹೇಳಿ ಮೇಡಂ, ನಮ್ಮ ಕೋಚ್ ಬಂದು ನೋಡ್ಕೊಂಡು ಹೋಗ್ತಾರೆ" ಎಂದರು. ನೋಡಿಕೊಂಡು ಹೋಗುವವರು ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಕತ್ತು ತಾನಾಗಿ ಒಳಗೆ ಸರಿಯಿತು. ಹೇಳಲು ನನ್ನ ಬಳಿ ಒಂದು ಹೆಸರಿತ್ತು, ಖಜೂರಿ ಊರಿನ ನನ್ನ ವಿದ್ಯಾರ್ಥಿನಿ ತಸ್ಲೀಮ್. ತಂದೆ ಲಾರಿ ಡ್ರೈವರ್. ಹುಡುಗಿ ನನಗಿಂತ ಎತ್ತರ, ನನಗಿಂತ ಚುರುಕು, ಚೆಂಡು ಎಲ್ಲಿ ಬೀಳುತ್ತದೆಂದು ಅದಕ್ಕಿಂತ ಮೊದಲೇ ತಿಳಿದುಕೊಂಡು ಅಲ್ಲಿ ನಿಂತಿರುತ್ತಿದ್ದಳು. ಅವಳು ಜಿಗಿಯುವುದನ್ನು ನೋಡುವಾಗ ನನಗೆ ಸಂತೋಷವೂ ಆಗುತ್ತಿತ್ತು, ಅದರ ಜೊತೆಗೆ ಇನ್ನೊಂದೂ ಆಗುತ್ತಿತ್ತು. ಅಸೂಯೆ ಎನ್ನಬೇಕೋ ಆಸೆ ಎನ್ನಬೇಕೋ ತಿಳಿಯದು. ಅವಳನ್ನು ಆರಿಸಿದರೆ ನನ್ನನ್ನೇ ಆರಿಸಿದಂತೆ ಎಂದುಕೊಂಡಿದ್ದೆ.

ಕೋಚ್ ಬಂದ ದಿನ ತಸ್ಲೀಮಳ ಜೊತೆ ಅವಳ ತಾಯಿ ಮೆಹಬೂಬಿ ಕೂಡ ಬಂದರು. ಬುರ್ಖಾದ ಕೆಳಗೆ ಹೊಸ ಚಪ್ಪಲಿ, ಕೈಯಲ್ಲಿ ಸುಸಲಾ ಮಿರ್ಚಿಯ, ಅಂದರೆ ಒಗ್ಗರಣೆ ಚುರುಮುರಿ ಮತ್ತು ಮೆಣಸಿನಕಾಯಿ ಬಜ್ಜಿಯ, ಡಬ್ಬಿ. ನೋಡಲು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದಲ್ಲ. ಕೋಚ್ ಎರಡು ಸಲ ಹಾಕಿಸಿಕೊಂಡು ತಿಂದು, ಮೂಗು ಒರೆಸಿಕೊಳ್ಳುತ್ತ, ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಆಟ ನೋಡಲು ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ನಿಮ್ಮ ಹುಡುಗಿಯರೆಲ್ಲ ಬಲಗಡೆಯಿಂದಲೇ ಯಾಕೆ ನುಗ್ತಾರೆ ಮೇಡಂ? ಇದೇನು ಹೊಸ ಟೆಕ್ನಿಕ್ಕಾ?" ನಿಜ ಬೇರೆಯೇ ಇತ್ತು. ಬೆಳೆ ರಾಶಿ ಮಾಡುವ ಕಾಲದಲ್ಲಿ ಅಕ್ಕಪಕ್ಕದವರು ಅಂಕಣದ ಎಡ ಅರ್ಧದಲ್ಲಿ ತೊಗರಿ ಒಣಹಾಕುತ್ತಾರೆ. ಕಾಳು ತುಳಿದರೆ ಬೈಯುತ್ತಾರೆ. ಹೀಗಾಗಿ ನಮ್ಮ ಫಾರ್ವರ್ಡುಗಳಿಗೆ ಎಡಗಡೆ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. "ಅದು ನಮ್ಮ ಭಾಗದ ಪದ್ಧತಿ ಸರ್" ಎಂದೆ. ಅವರು ಗಂಭೀರವಾಗಿ ತಲೆ ಆಡಿಸಿದರು. ಅಷ್ಟರಲ್ಲಿ ತಸ್ಲೀಮ್ ಮೂವರ ನಡುವಿನಿಂದ ಎದ್ದು ಚೆಂಡು ಕಿತ್ತುಕೊಂಡಳು, ಅವರು ಡಬ್ಬಿ ಕೆಳಗಿಟ್ಟರು.

ಆಟ ಮುಗಿದ ಮೇಲೆ ಅಳತೆ. ಕೋಚ್ ಅವಳನ್ನು ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದ ಗೆರೆ ಎಳೆದರು, ಟೇಪು ಹಿಡಿದರು, ಹುಬ್ಬು ಗಂಟಿಕ್ಕಿದರು. "ಆಟದಲ್ಲಿ ಇದಕ್ಕಿಂತ ಎತ್ತರ ಕಂಡ್ಳಲ್ಲ. ಇಷ್ಟೇ ಆದ್ರೆ ಫಾರ್ವರ್ಡ್‌ಗೆ ಸಾಲಲ್ಲ ಮೇಡಂ." ನಾನು ಅವಳ ಅಗಲವಾದ ಪ್ಯಾಂಟಿನ ಕಡೆ ನೋಡಿದೆ. ಒಳಗೆ ಮೊಣಕಾಲು ಬಗ್ಗಿದ್ದವು. ಹೆಗಲು ಇಳಿದಿತ್ತು. ಕತ್ತು ನಾಚಿಕೆಯಿಂದ ಒಳಗೆ ಹೋಗಿತ್ತು. ತಿರುಗಿ ನೋಡಿದರೆ ಮೆಹಬೂಬಿ ದೂರದಲ್ಲಿ ನಿಂತು ಅಂಗೈಯನ್ನು ಕೆಳಗೆ ಕೆಳಗೆ ಒತ್ತುತ್ತ ಮಗಳಿಗೆ ಸನ್ನೆ ಮಾಡುತ್ತಿದ್ದರು. ಸಾಲದ್ದಕ್ಕೆ ಕೋಚ್ ಹತ್ತಿರ ಬಂದು, "ಅಷ್ಟೇನ್ ಉದ್ದ ಇಲ್ರಿ ಸಾಹೇಬ್ರ, ಬೂಟು ದಪ್ಪ ಅದಾವ" ಎಂದು ಸಮಾಧಾನ ಬೇರೆ ಹೇಳಿದರು.

"ನೆಟ್ಟಗ ನಿಂದ್ರು" ಎಂದೆ. "ನಿಂತೇನ್ರಿ ಮೇಡಂ" ಎಂದಳು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವಳಿಗೆ ಅದೇ ನೆಟ್ಟಗೆ. ಬೇರೆ ದಾರಿ ತೋಚದೆ ನಾನೇ ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಮೊಣಕಾಲು ನೇರ ಮಾಡಿದೆ, ಹೆಗಲು ಹಿಂದಕ್ಕೆ ತಂದೆ. ಬೆನ್ನು ಲಟಲಟ ಎಂದಿತು. ಮೇಡಂ ಪಕ್ಕದಲ್ಲೇ ಬೆಳೆಯುತ್ತಿರುವುದನ್ನು ಹುಡುಗಿ ಓರೆಗಣ್ಣಿನಿಂದ ನೋಡಿದಳು. ನಕ್ಕಳು. ಆಮೇಲೆ ನಿಧಾನವಾಗಿ ತಾನೂ ಎದ್ದಳು, ಸೀಮೆಸುಣ್ಣದ ಗೆರೆ ದಾಟಿ, ನನ್ನನ್ನೂ ದಾಟಿ. ಕೋಚ್ ಹಳೆಯ ಗೆರೆ ಅಳಿಸಿದರು.

"ಇನ್ನ ಇಕಿನ್ನ ಯಾರ್ ಲಗ್ನ ಮಾಡ್ಕೋತಾರ್ರಿ?" ಎಂದು ಮೆಹಬೂಬಿ ನನ್ನ ಕೈ ಹಿಡಿದುಕೊಂಡರು. ಉತ್ತರ ಹೇಳುವಷ್ಟರಲ್ಲಿ ಕೋಚ್ ನನ್ನ ಕಡೆ ತಿರುಗಿ, "ನೀವು ಆಡ್ತಿದ್ರಾ ಮೇಡಂ? ಆಗ ಯಾರಾದ್ರೂ ಬಂದು ನೋಡ್ಬೇಕಿತ್ತು" ಎಂದರು. ನನ್ನನ್ನು ನೋಡಲು ಬೇಕಾದಷ್ಟು ಮಂದಿ ಬಂದಿದ್ದರು. ಆಟ ನೋಡಲು ಮಾತ್ರ ಯಾರೂ ಬಂದಿರಲಿಲ್ಲ. ಕೋಚ್‌ಗೆ ಚಹಾ ಕೊಡಿಸಿ ಬಸ್ಸಿಗೆ ಹತ್ತಿಸಿದೆ.

ಆಮೇಲಿನ ದಿನಗಳಲ್ಲಿ ಫೋನು ಸದ್ದಾದರೆ ಬೆಚ್ಚುತ್ತಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಮೆಹಬೂಬಿಯ ಫೋನ್ ಬಂತು. "ಮೇಡಂ, ಬೆಂಗಳೂರಿನವ್ರು ಒಪ್ಪಿಕೊಂಡಾರಂತ್ರಿ." ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅವರು ಮೆಲ್ಲಗೆ ಕೇಳಿದರು, "ಆ ಟೀಮಿನಾಗ ಉಳಿದ ಹುಡುಗ್ಯಾರು ಎಷ್ಟ್ ಉದ್ದ ಅದಾರ್ರಿ?"

"ಎಲ್ಲಾರೂ ಇಕಿಯಷ್ಟ ಅದಾರ್ರಿ. ಕೆಲವರು ಇಕಿಗಿಂತ ಉದ್ದ."

"ಹಂಗಾದ್ರ ಅಲ್ಲಿ ನಮ್ಮಾಕಿ ಗಿಡ್ಡಕಿ ಆಗ್ತಾಳ" ಎಂದರು ಮೆಹಬೂಬಿ. ಅಷ್ಟು ನಿರಾಳವಾದ ಉಸಿರನ್ನು ನಾನು ಫೋನಿನಲ್ಲಿ ಕೇಳಿರಲಿಲ್ಲ.

ಫೋನ್ ಇಟ್ಟು ಅಲ್ಲೇ ನಿಂತೆ. ತವೆಯ ಮೇಲಿನ ರೊಟ್ಟಿ ಕರಕಾಯಿತು. ಸುತ್ತಲೂ ನನಗಿಂತ ಎತ್ತರದವರು ನಿಂತಿದ್ದಾರೆ, ಅವರ ನಡುವೆ ನಾನೇ ಗಿಡ್ಡಿ. ಹಾಗೆ ಒಂದೇ ಒಂದು ದಿನ ಇರಬೇಕಿತ್ತು ಎಂದು ಆಸೆಯಾಯಿತು. ಆಗಲೇ ಯಜಮಾನರು ಒಳಗೆ ಬಂದು, "ಮ್ಯಾಲಿನ ಶೇಂಗಾ ಹಿಂಡಿ ಡಬ್ಬಿ ಇಳಿಸಿ ಕೊಡು" ಎಂದರು. ಆ ಚಟ್ನಿಪುಡಿ ಡಬ್ಬಿ ನಾನು ಕೈ ಎತ್ತಿದರೆ ಸಿಗುವಂಥದ್ದು.

"ನನಗ ನಿಲುಕಂಗಿಲ್ರಿ" ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು, ಡಬ್ಬಿಯನ್ನೊಮ್ಮೆ ನೋಡಿದರು. ಸ್ಟೂಲು ತರಲು ಪಡಸಾಲೆಗೆ ಹೋದರು.