ಎಂಜಿನ್ನಿನ ಪಂಕ್ತಿಭೇದ

ಒಂದು ಎಂಜಿನ್ನಿಗೆ ನ್ಯಾಯ ನೀತಿ ಕಲಿಸಲು ಹೊರಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಆ ಪಾಠದ ಸದ್ದಿಗೆ ಎರಡು ದಿನ ಕಿವಿ ಮಂದವಾಗಿ, ಶಾಲೆಯಲ್ಲಿ ಮಕ್ಕಳ ಮಗ್ಗಿಯನ್ನು ಬರೀ ತುಟಿ ನೋಡಿ ತಿದ್ದಿದ್ದೇನೆ! ಆ ಮಹಾನುಭಾವರು ಬೇರೆ ಯಾರೂ ಅಲ್ಲ, ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ದಾವಣಗೆರೆಯ ಅರ್ಧ ಊರು "ಓಹೋ, ಅವರಾ!" ಎಂದು ನಗುತ್ತದೆ. ಉಳಿದರ್ಧ ಊರು ಅವರ ಕೈಯಿಂದ ಬಡಿಸಿಕೊಂಡು ಉಂಡದ್ದನ್ನು ನೆನೆದು ಮುಖ ಹುಳ್ಳಗೆ ಮಾಡಿಕೊಳ್ಳುತ್ತದೆ.

ಯಾಕೆಂದರೆ ಮಾವ ಮದುವೆಮನೆಗಳಲ್ಲಿ ಬಡಿಸುವುದಕ್ಕೆ ಹೆಸರಾದವರು. ಪಂಚೆ ಎತ್ತಿ ಕಟ್ಟಿ, ಟವೆಲ್ಲನ್ನು ಸೊಂಟಕ್ಕೆ ಬಿಗಿದು ನಿಂತರೆಂದರೆ ಆ ಪಂಕ್ತಿ ಅವರದೇ. ಅವರ ಸಿದ್ಧಾಂತ ಒಂದೇ: ಮೊದಲನೆಯ ಎಲೆ ಆದ ಮೇಲೆ ಎರಡನೆಯದು, ಎರಡನೆಯದಾದ ಮೇಲೆ ಮೂರನೆಯದು. ನಡುವೆ ಒಂದು ಎಲೆ ಹಾರಿಸಿದರೆ ಅದು ಪಂಕ್ತಿಭೇದ, ಮಹಾಪಾಪ. ಒಂದು ಮದುವೆಯಲ್ಲಿ ಯಾರೋ ದೊಡ್ಡ ಸಾಹೇಬರು ಒಂಬತ್ತನೆಯ ಎಲೆಗೆ ಕೂತರು. ಹುಡುಗಿಯ ತಂದೆ ಓಡಿ ಬಂದು, "ಸಾಹೇಬ್ರಿಗೆ ಮೊದ್ಲು ತುಪ್ಪ ಹಾಕ್ರಿ" ಎಂದು ಕೈ ಮುಗಿದರು. "ಅವರೇನು ಒಂದನೆ ಎಲಿಗೆ ಕೂತಾರೇನ್ರಿ? ಬರ್ತೀನಿ ತಡೀರಿ" ಎಂದು ಮಾವ ಎಲೆಯಿಂದ ಎಲೆಗೆ ನಿಧಾನವಾಗಿ ಸಾಗಿದರು. ನ್ಯಾಯವೇನೋ ಗೆದ್ದಿತು. ತುಪ್ಪ ಮಾತ್ರ ಎಂಟನೆಯ ಎಲೆಗೇ ಮುಗಿಯಿತು!

ಇಂಥ ಮಾವನಿಗೆ ಒಂದು ಕಾರಿತ್ತು. ಸ್ವಾತಂತ್ರ್ಯ ಬರುವ ಮೊದಲೇ ಮುದಿಯಾಗಿದ್ದ ಕಾರು, ನಾನು ಹೇಳುತ್ತಿರುವುದೋ ಅರವತ್ತರ ದಶಕದ ಮಾತು. ನಾನಾಗ ಹೊಸದಾಗಿ ಟೀಚರ್ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಇದ್ದೆ. ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ಆ ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಮಾವನ ಒಬ್ಬಳೇ ಮಗಳನ್ನು ಹರಿಹರಕ್ಕೆ ಕೊಟ್ಟಿದ್ದರು. ಆಕೆ ಚೊಚ್ಚಲ ಬಸುರಿ. ನಮ್ಮ ಮನೆಯ ಪದ್ಧತಿಯಲ್ಲಿ ಏಳು ತಿಂಗಳು ತುಂಬುವುದರೊಳಗೆ ಮಗಳನ್ನು ತವರಿಗೆ ಕರೆತರಬೇಕು. ಎಂಟಕ್ಕೆ ಬಿತ್ತೋ, ಹೊಸ್ತಿಲು ದಾಟಿಸುವಂತಿಲ್ಲ, ಹೆರಿಗೆ ಗಂಡನ ಮನೆಯಲ್ಲೇ. ಅತ್ತೆ ಆಗಲೇ ಒಳಕೋಣೆಗೆ ಸುಣ್ಣ ಬಳಿಸಿ, ಮೆತ್ತಗಾದ ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದರು. ಮಾವ ಮಾಡಿದ ಕೆಲಸವೆಂದರೆ ಬೀಗರ ಮನೆಗೆ ಹೋಗಿ, "ನಮ್ಮ ಮಗಳನ್ನ ನಮ್ಮ ಕಾರಿನಾಗೇ ಕರ್ಕೊಂಡು ಹೋಗ್ತೀನಿ, ನೋಡ್ತಿರ್ರಿ" ಎಂದು ಮೀಸೆ ತಿರುವಿದ್ದು. ಹಾಗೆ ಮೀಸೆ ತಿರುವಿ ವಾಪಸು ಬರುವಾಗಲೇ ಬಾತಿ ಕೆರೆಯ ಹತ್ತಿರ ಕಾರು ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು. ಮನೆಯವರೆಗೆ ಎಳೆದು ತಂದದ್ದು ಒಂದು ಜೊತೆ ಎತ್ತು.

ಮೇಸ್ತ್ರಿ ಬಾಷಾ ಸಾಬರು ಬಂದು ನೋಡಿದರು. ಅವರೂ ಮಾವನೂ ಬಹಳ ವರ್ಷದ ಸ್ನೇಹಿತರು. ಅಂದರೆ ಕಾರು ಬಹಳ ವರ್ಷದಿಂದ ಕೆಡುತ್ತಿತ್ತು ಎಂದು ಅರ್ಥ. "ಡಿಸ್ಟ್ರಿಬ್ಯೂಟರ್ ಹೋಗೈತೆ ಯಜಮಾನ್ರೇ. ಮೇಲಿನ ಕ್ಯಾಪು ಸೀಳೈತೆ, ಒಳಗೆ ಶಾಫ್ಟು ಲೊಡಲೊಡ ಅಂತೈತೆ. ಬ್ಯಾರೇದೇ ಹಾಕ್ಬೇಕು" ಎಂದರು.

"ಅದೇನು ಮಾಡ್ತೈತೆ?"

"ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಅದಾವಲ್ರಿ, ನಾಲ್ಕಕ್ಕೂ ಸರದಿ ಪ್ರಕಾರ ಕಿಡಿ ಹಂಚ್ತೈತೆ. ಇದರೊಳಗೆ ಒಂದು ಕೈ ಐತೆ ನೋಡ್ರಿ, ತಿರುಗ್ತಾ ತಿರುಗ್ತಾ ಒಂದೊಂದು ವೈರಿಗೆ ಕೊಡ್ತೈತೆ."

ಮಾವನ ಮುಖ ಅರಳಿತು. "ಅಂದ್ರೆ ಬಡಿಸೋ ಕೈ!" ಎಂದರು. ತನ್ನ ಕುಲಬಾಂಧವನೊಬ್ಬ ಇಷ್ಟು ವರ್ಷ ತನ್ನ ಕಾರಿನಲ್ಲೇ ಅಡಗಿ ಕೂತಿದ್ದನಲ್ಲ ಎಂಬ ಸಂತೋಷ ಅವರಿಗೆ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಊಟಕ್ಕೆ ಕೂತಿದ್ದರು. ಮನೆಯವರು, ಬಂದವರು, ಎತ್ತು ಹೊಡೆದುಕೊಂಡು ಬಂದವರು ಎಲ್ಲರದೂ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ತಟ್ಟೆಗೆ ಹಾಕಿಕೊಳ್ಳುತ್ತ, "ಗಂಟೆಗೊಂದು ಬಸ್ಸು ಐತಲ್ರಿ ಹರಿಹರಕ್ಕೆ. ನಾಳೆ ಹೋಗಿ ಕರ್ಕೊಂಡು ಬರ್ರಿ" ಎಂದರು.

"ಬಸುರಿ ಮಗಳನ್ನ ಬಸ್ಸಿನಾಗೆ ತುರುಕ್ಲಾ? ಬೀಗರಿಗೆ ಮಾತು ಕೊಟ್ಟೀನಿ!"

"ಮಾತು ನೀವು ಕೊಟ್ಟೀರಿ, ಹೆರೋದು ಅವಳು. ಏಳು ತುಂಬೋಕೆ ಹದಿಮೂರು ದಿನ ಐತೆ. ಹನ್ನೆರಡನೆ ದಿನ ನಾನೇ ಬಸ್ಸು ಹತ್ತಿ ಹೋಗ್ತೀನಿ. ಬೀಗರ ಮುಂದೆ ನಿಮ್ಮ ಮೀಸಿ ಏನಾಗ್ತೈತೋ ನೀವೇ ನೋಡ್ಕೊಳ್ರಿ."

ಮಾವನ ಕೈ ತಾನಾಗಿ ಮೀಸೆಗೆ ಹೋಯಿತು.

ಅಂಥದೇ ಇನ್ನೊಂದು ಕಾರು ಭಾನುವಳ್ಳಿಯ ಗೌಡರೊಬ್ಬರ ಹಿತ್ತಿಲಲ್ಲಿ ಬಿದ್ದಿದೆ ಎಂದು ಮೇಸ್ತ್ರಿ ಪತ್ತೆ ಹಚ್ಚಿದರು. ಭಾನುವಾರ ಮಾವ ನನ್ನನ್ನೂ ಕರೆದುಕೊಂಡು ಹೊರಟರು, ಬಸ್ಸಿನಲ್ಲಿ! ಅತ್ತೆ ಬಾಗಿಲಲ್ಲಿ ನಿಂತು, "ಡಬ್ಬಿ ತರೋಕೆ ಬಸ್ಸು ನಡೀತೈತೆ, ಮಗಳನ್ನ ತರೋಕೆ ನಡೆಯಲ್ಲ" ಎಂದರು. ಮಾವನಿಗೆ ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಕಚ್ಚಿತು.

ಗೌಡರು ದೊಡ್ಡ ಮನಸ್ಸಿನವರು, "ಬಿಚ್ಚಿಕೊಂಡು ಹೋಗ್ರಿ" ಎಂದರು. ಹಿತ್ತಿಲಿಗೆ ಹೋಗಿ ನೋಡಿದರೆ ಕಾರಿಗೆ ಬಾನೆಟ್ಟೇ ಇಲ್ಲ. ಎಂಜಿನ್ನಿನ ಮಗ್ಗುಲಿಗೆ ಹುಲ್ಲು ಹಾಸಿ, ಡಿಸ್ಟ್ರಿಬ್ಯೂಟರಿಗೆ ಒರಗಿಕೊಂಡು ಒಂದು ಕೆಂಪು ಕೋಳಿ ಕೂತಿದೆ! ಮಾವ ಕೈ ಚಾಚಿದರು. ಕೋಳಿ ಕುಕ್ಕಿತು. ಗೌಡರ ತಾಯಿ ಕೋಲೂರಿಕೊಂಡು ಬಂದರು.

"ಮುಟ್ಟಬ್ಯಾಡ್ರಪ್ಪ. ಕಾವಿಗೆ ಕೂತೈತೆ. ಇನ್ನಾ ಒಂಬತ್ತು ದಿನ ಐತೆ ಮರಿ ಆಗೋಕೆ."

"ಅಜ್ಜೀ, ನಮ್ಮನೀಗೂ ಬಸುರಿ ಮಗಳು ಬರ್ಬೇಕು..."

"ಹಂಗಾದ್ರೆ ನಿನಗೆ ಇನ್ನಾ ಚೆನ್ನಾಗಿ ತಿಳೀಬೇಕಲ್ಲಪ್ಪ!"

ಮಾವ ಬೆರಳು ಚೀಪಿಕೊಳ್ಳುತ್ತ ಬಸ್ಸಿನ ದಾರಿ ಹಿಡಿದರು. ಬರಿಗೈಯಲ್ಲಿ ಬಂದವರನ್ನು ನೋಡಿ ಅತ್ತೆ, "ಕೋಳಿ ಬಾಣಂತನ ಮೊದ್ಲು ಮುಗೀಲಿ ಬಿಡ್ರಿ, ಸರದಿ ಪ್ರಕಾರ ಅಲ್ವಾ!" ಎಂದರು. ಆಮೇಲೆ ಒಳಕೋಣೆಗೆ ಹೋಗಿ ಮಡಿಸಿಟ್ಟ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಿಸುತ್ತ ಕೂತರು.

ಒಂಬತ್ತು ದಿನಕ್ಕೆ ಕೋಳಿಗೆ ಎಂಟು ಮರಿಯಾದವು, ನಮಗೆ ಒಂದು ಡಿಸ್ಟ್ರಿಬ್ಯೂಟರ್ ಆಯಿತು. ಆದರೆ ಆ ಹೊತ್ತಿಗೆ ಮೇಸ್ತ್ರಿ ಒಂದು ಮದುವೆಗೆಂದು ಆನಗೋಡಿಗೆ ಹೊರಟಿದ್ದರು. "ನಾಳೆ ಸಂಜಿಗೆ ಬರ್ತೀನಿ, ಅಲ್ಲೀತನ ಮುಟ್ಟಬ್ಯಾಡ್ರಿ. ತಡೆಯೋಕೆ ಆಗದೆ ಮುಟ್ಟಿದ್ರೂ, ಹಳೇ ವೈರು ಯಾವುದು ಎಲ್ಲಿಗೆ ಅಂತ ಬಣ್ಣಬಣ್ಣದ ದಾರ ಕಟ್ಟಿ ಬಿಚ್ರಿ" ಎಂದು ಹೇಳಿ ಹೋದರು. ಮಾವ ಮುಟ್ಟಿದರು. ದಾರ ಕಟ್ಟಲಿಲ್ಲ. "ನಾಲ್ಕು ವೈರಿಗೆ ದಾರ ಯಾಕ? ನನಗೆ ನಾಲ್ಕರತನ ಎಣಿಸೋಕೆ ಬರಲ್ಲೇನು?" ಎಂದರು.

ಹೊಸ ಡಬ್ಬಿ ಕೂತಿತು. ನಾನು ಪುಸ್ತಕ ತೆರೆದು ಓದಿದೆ. "ಮಾವ, ಕಿಡಿ ಹಂಚೋ ಸರದಿ ಹಿಂಗೈತೆ: ಒಂದು, ಮೂರು, ನಾಲ್ಕು, ಎರಡು."

"ಏನಂದಿ?"

"ಒಂದು, ಮೂರು, ನಾಲ್ಕು, ಎರಡು."

ಮಾವ ಸ್ಪ್ಯಾನರ್ ಕೆಳಗಿಟ್ಟರು. "ಎರಡನೇದು ಏನು ಪಾಪ ಮಾಡೈತೆ? ಪಕ್ಕದಾಗೇ ಕೂತೈತೆ, ಅದನ್ನ ಹಾರಿಸಿ ಮೂರನೇದಕ್ಕೆ ಹಾಕೋದಾ? ಟೀಚರಮ್ಮ, ಅದು ಅಚ್ಚಿನ ತಪ್ಪು!"

"ಎರಡು ಕಡೆ ಹಂಗೇ ಬರ್ದೈತೆ ಮಾವ."

"ಎರಡು ಕಡೆ ತಪ್ಪೈತೆ!"

ಒಂದು, ಎರಡು, ಮೂರು, ನಾಲ್ಕು ಎಂದು ಎಲೆ ಹಾಕಿದಷ್ಟು ಚೊಕ್ಕವಾಗಿ ವೈರು ಸಿಕ್ಕಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಲ್ಫ್ ಒತ್ತಿದರು. ಏನು ಹೇಳಲಿ! ಢಂ! ಸೈಲೆನ್ಸರಿನಿಂದ ಬೆಂಕಿ! ಬೀದಿಯಲ್ಲಿ ನಿಂತಿದ್ದ ಟಾಂಗಾದ ಕುದುರೆ, ಟಾಂಗಾದವನನ್ನು ಚಹಾದ ಅಂಗಡಿಯಲ್ಲೇ ಬಿಟ್ಟು ತಾನೊಂದೇ ಮನೆಗೆ ಹೋಯಿತು. ಎದುರುಮನೆಯ ಅಜ್ಜ ಹೊರಗೆ ಬಂದು, "ಯಾರ ಮನಿ ಮದ್ವೆ?" ಎಂದು ಕೇಳಿದರು. ಮಾವ ಮತ್ತೆ ಒತ್ತಿದರು, ಮತ್ತೆ ಢಂ! "ಕಲ್ತುಕೋ, ಒಂದಾದ ಮ್ಯಾಲೆ ಎರಡು!" ಎಂದು ಎಂಜಿನ್ನಿಗೆ ಗದರಿದರು. ಇಡೀ ಬೀದಿ ನ್ಯಾಯವನ್ನು ಕಿವಿಯಾರೆ ಕೇಳಿತು. ಕಾರು ಒಂದಂಗುಲ ಕದಲಲಿಲ್ಲ.

ಮರುದಿನ ಸಂಜೆ ಮೇಸ್ತ್ರಿ ಬಂದರು. ಅತ್ತೆ ಬಸ್ಸು ಹತ್ತುವ ದಿನಕ್ಕೆ ಉಳಿದಿದ್ದದ್ದು ಒಂದು ರಾತ್ರಿ. ಚೀಲ ಆಗಲೇ ಬಾಗಿಲ ಹತ್ತಿರ ಕೂತಿತ್ತು. ಬಾನೆಟ್ಟು ಎತ್ತಿ ನೋಡಿ ಮೇಸ್ತ್ರಿ ನಕ್ಕರು.

"ಇದು ಪಂಕ್ತಿಭೇದ ಬಾಷಾ, ನಾನು ಒಪ್ಪಲ್ಲ" ಎಂದರು ಮಾವ.

"ಅರೆ, ಭೇದ ಎಲ್ಲೈತ್ರಿ? ಆ ಕೈ ಒಂದು ಸುತ್ತು ಬರೋದ್ರೊಳಗೆ ನಾಲ್ಕಕ್ಕೂ ಸಿಗ್ತೈತೆ. ಯಾವುದಕ್ಕೂ ಉಪವಾಸ ಇಲ್ಲ. ಪಕ್ಕಪಕ್ಕದಾಗೆ ಕೊಡ್ತಾ ಹೋದ್ರೆ ಈ ಎಂಜಿನ್ ಓಡಲ್ರಿ."

"ಹಂಗಂತ ಎರಡನೇದು ದಿನಾ ಕೊನಿಗೇ ತಿನ್ನಬೇಕಾ? ಅದು ಸುಮ್ನೆ ಐತಾ?"

ಮೇಸ್ತ್ರಿ ವೈರು ಬಿಚ್ಚುತ್ತ ತಲೆಯೆತ್ತದೆ ಹೇಳಿದರು. "ಎಲ್ಲಾರ ಮನ್ಯಾಗೂ ಕೊನಿಗೆ ತಿನ್ನೋರು ಒಬ್ರು ಸುಮ್ನೆ ಇರ್ತಾರಲ್ರಿ, ಅದಕ್ಕೇ ಮನಿ ಓಡೋದು. ನಮ್ಮನ್ಯಾಗೆ ನಮ್ಮಮ್ಮ ಇದ್ರು. ನಿಮ್ಮನ್ಯಾಗೆ ಯಾರು?"

ಆಗಲೇ ಅತ್ತೆ ಇಬ್ಬರಿಗೂ ಚಹಾ ತಂದಿಟ್ಟು ಒಳಗೆ ಹೋದರು. ಮಾವ ಆ ಚಹಾ ಕುಡಿಯಲೇ ಇಲ್ಲ. ಒಂದು, ಮೂರು, ನಾಲ್ಕು, ಎರಡು ಎಂದು ವೈರು ಕೂತವು. ಸೆಲ್ಫ್ ಒತ್ತಿದ ತಕ್ಷಣ ಎಂಜಿನ್ನು ನುಣ್ಣಗೆ ಗುನುಗತೊಡಗಿತು.

ಬೆಳಿಗ್ಗೆ ಹರಿಹರಕ್ಕೆ ಕಾರೇ ಹೋಯಿತು. ಬಾತಿ ಕೆರೆ ಬಂದಾಗ ನಾನೂ ಅತ್ತೆಯೂ ಉಸಿರು ಬಿಗಿಹಿಡಿದೆವು, ಎಂಜಿನ್ನು ಕೆಮ್ಮಲಿಲ್ಲ. ಮಗಳನ್ನೂ ಬೀಗರನ್ನೂ ಕೂರಿಸಿಕೊಂಡು ಮಧ್ಯಾಹ್ನದೊಳಗೆ ದಾವಣಗೆರೆ ಸೇರಿದೆವು. ಏಳು ತುಂಬಲು ಇನ್ನೂ ಒಂದು ದಿನವಿತ್ತು.

ಮರುದಿನ ಬೀಗರೂಟ. ಪಡಸಾಲೆಯಲ್ಲಿ ಹನ್ನೆರಡು ಎಲೆ. ಮೊದಲನೆಯ ಎಲೆಗೆ ಬೀಗರು, ಹನ್ನೊಂದನೆಯದಕ್ಕೆ ಮಗಳು. ಹನ್ನೆರಡನೆಯದು ಖಾಲಿ, ಯಾರಿಗೆಂದು ನಮಗೂ ಗೊತ್ತಿರಲಿಲ್ಲ. ಮಾವ ಟವೆಲ್ಲು ಬಿಗಿದು ಅಡುಗೆಮನೆಗೆ ಹೋದರು. ಒಂದು ಕೈಯಲ್ಲಿ ಅನ್ನದ ಪಾತ್ರೆ, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಅತ್ತೆಯನ್ನು ಹನ್ನೆರಡನೆಯ ಎಲೆಯ ಮುಂದೆ ಕೂರಿಸಿದರು.

"ಅಯ್ಯೋ, ಇದೇನ್ರಿ, ಎಲ್ರೂ ನೋಡ್ತಾರೆ..."

ಮಾವ ಒಂದನೆಯ ಎಲೆ ದಾಟಿದರು. ಬೀಗರು ಕೈ ತೊಳೆದುಕೊಂಡು ಬಾಯಿ ತೆರೆದು ಕೂತಿದ್ದರು. ಎರಡನೆಯದು, ಮೂರನೆಯದು ದಾಟಿದರು. "ಯಜಮಾನ್ರೇ, ಇಲ್ಲಿ..." ಎಂದರು ಬೀಗರು. "ಇರ್ರಿ, ಈ ಎಂಜಿನ್ನಿನ ಸರದಿ ಬ್ಯಾರೆ ಐತೆ" ಎಂದರು ಮಾವ. ನಮಗೆ ನಗು ತಡೆಯಲಾಗಲಿಲ್ಲ. ಜೀವಮಾನದಲ್ಲಿ ಒಂದು ಎಲೆ ಹಾರಿಸದಿದ್ದ ಮನುಷ್ಯ ಹನ್ನೊಂದು ಎಲೆ ಹಾರಿಸಿ ಹೋಗಿ, ಹೊಗೆಯಾಡುವ ಅನ್ನವನ್ನು ಅತ್ತೆಯ ಎಲೆಗೆ ಹಾಕಿದರು.

ಅತ್ತೆ ಅನ್ನಕ್ಕೆ ಕೈಯಿಟ್ಟವರು ಥಟ್ಟನೆ ಹಿಂದಕ್ಕೆ ತೆಗೆದರು.

"ಏನಾಯ್ತು?"

"ಏನಿಲ್ರಿ" ಎಂದರು ಅತ್ತೆ, ಬೆರಳು ನೋಡಿಕೊಳ್ಳುತ್ತ. "ಬಿಸಿ ಐತೆ. ಮರ್ತೇ ಹೋಗಿತ್ತು ನನಗೆ."

ನಮ್ಮ ನಗು ಅಲ್ಲೇ ನಿಂತಿತು. ಮಾವ ಪಾತ್ರೆ ಕೆಳಗಿಟ್ಟು, ಎಲೆಯ ಮುಂದೆ ಮಂಡಿಯೂರಿ ಕೂತು, ಸೊಂಟದ ಟವೆಲ್ಲು ಬಿಚ್ಚಿ ಆ ಅನ್ನಕ್ಕೆ ಗಾಳಿ ಹಾಕತೊಡಗಿದರು. ಬೀಗರೂ ಸೇರಿ ಹನ್ನೊಂದು ಎಲೆಯವರು ಕಾದೆವು.