ಆಣೆ ಯಾರ ಮೇಲೆ?

ಗುಮಾಸ್ತರು ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ದರ್ಜಿ ಅಂದು ಸಲೀಸಾಗಿ ಸುಳ್ಳು ಹೇಳಿ, ಸಂಜೆಯೊಳಗೆ ಅಂಗಡಿಗೆ ಮರಳಿ, ಅರ್ಧಕ್ಕೆ ಬಿಟ್ಟಿದ್ದ ಪ್ಯಾಂಟಿನ ಜೇಬು ಹೊಲಿಯುತ್ತಿದ್ದ.

“ಪ್ರಮಾಣ ದೇವರ ಹೆಸರಲ್ಲೋ, ಆತ್ಮಸಾಕ್ಷಿ ಹೆಸರಲ್ಲೋ? ಎರಡೂ ನಡೆಯುತ್ತೆ. ಒಳಗೆ ಕರೆಯೋದರೊಳಗೆ ಹೇಳಿಬಿಡಿ, ಬರ್ಕೋಬೇಕು,” ಎಂದು ಗುಮಾಸ್ತರು ನ್ಯಾಯಾಲಯದ ಪಡಸಾಲೆಯಲ್ಲೇ ಕೇಳಿ ಹೊರಟುಹೋದರು.

ದರ್ಜಿ ಅಲ್ಲೇ ಬೆಂಚಿನ ಮೇಲೆ ಕೂತ. ಹೇಳಬೇಕಾದ ಸುಳ್ಳೇನೋ ಚಿಕ್ಕದೇ. ಭಾವ, ಅಂದರೆ ಹೆಂಡತಿಯ ಅಣ್ಣ, ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಗುದ್ದಿ ಕೆಡವಿದ್ದ. ಪಕ್ಕದ ಮನೆಯವರು ದಾವೆ ಹೂಡಿದ್ದರು. “ಗೋಡೆ ತಾನಾಗೇ ಬಿತ್ತು, ಕಣ್ಣಾರೆ ಕಂಡೆ” ಎಂದರೆ ಮುಗಿಯಿತು. ಅನ್ನದಿದ್ದರೆ? ದರ್ಜಿಯ ಅಂಗಡಿ ಇದ್ದದ್ದು ಭಾವನ ಕಟ್ಟಡದಲ್ಲಿ. ನಿನ್ನೆ ತಾನೇ ಭಾವ ಅದನ್ನು ನಗುನಗುತ್ತಾ ನೆನಪಿಸಿದ್ದ.

ಆದರೆ ದರ್ಜಿಗೆ ದೇವರ ಮೇಲೆ ನಂಬಿಕೆ. ಸೂಜಿಗೆ ದಾರ ಪೋಣಿಸುವಾಗಲೂ ಒಮ್ಮೆ ಅವನನ್ನು ನೆನೆಯುವ ಪ್ರಾಣಿ.

“ಭಾವ, ಬೆಳಿಗ್ಗೆ ನೀವು ಯಾರ ಹೆಸರಲ್ಲಿ ಪ್ರಮಾಣ ಮಾಡಿದ್ರಿ?” ಎಂದು ಎದುರಿಗೆ ನಿಂತಿದ್ದ ಭಾವನನ್ನು ಕೇಳಿದ.

“ದೇವರ ಹೆಸರಲ್ಲೇ. ಗಂಟಲು ಬಿಚ್ಚಿ ಮಾಡ್ದೆ.”

“ನಿಮಗೆ ದೇವರಲ್ಲಿ ನಂಬಿಕೇನೇ ಇಲ್ವಲ್ಲ!”

“ಅದಕ್ಕೇ ಕಣಯ್ಯಾ ಧೈರ್ಯವಾಗಿ ಮಾಡಿದ್ದು. ಇಲ್ಲದೇ ಇರೋನು ನನ್ನನ್ನೇನು ಮಾಡ್ತಾನೆ?”

ದರ್ಜಿಗೆ ಹೊಟ್ಟೆಕಿಚ್ಚಾಯಿತು. ಎಂಥ ನೆಮ್ಮದಿಯ ಬದುಕು! ಮೂರು ಗಂಟೆಗೆ ಒಳಗೆ ಕರೆಯುವಷ್ಟರಲ್ಲಿ ತಾನೂ ಹೇಗಾದರೂ ನಾಸ್ತಿಕನಾಗಬೇಕೆಂದು, ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಮೇಷ್ಟ್ರ ಕಡೆ ತಿರುಗಿದ. ನಿವೃತ್ತರಾದ ಮೇಲೆ ಹೊತ್ತು ಕಳೆಯಲು ದಿನಾ ಕೇಸು ಕೇಳಲು ಬರುತ್ತಿದ್ದವರು ಅವರು.

“ಮೇಷ್ಟ್ರೇ, ದೇವರಿಲ್ಲ ಅನ್ನೋದು ಗ್ಯಾರಂಟೀನಾ?”

“ನೂರಕ್ಕೆ ನೂರು. ಪರೀಕ್ಷೆ ದಿನ ನನ್ನ ಕ್ಲಾಸಿನ ಎಲ್ಲರೂ ಕಣ್ಣು ಮುಚ್ಚಿ ಬೇಡ್ಕೊಳ್ತಿದ್ರು. ಪಾಸಾಗ್ತಿದ್ದೋರು ಮಾತ್ರ ಓದಿದೋರೇ.”

ದರ್ಜಿಯ ಮನಸ್ಸು ಹಗುರವಾಗುವಷ್ಟರಲ್ಲಿ ಇನ್ನೊಂದು ಪಕ್ಕದಿಂದ ಮುದುಕಿಯೊಬ್ಬಳು ಬಾಯಿ ಹಾಕಿದಳು. ಆಕೆಯ ಆಸ್ತಿ ಕೇಸಿಗೆ ಹತ್ತೊಂಬತ್ತು ವರ್ಷ.

“ಇದಾನಪ್ಪ. ಎದುರು ಪಾರ್ಟಿಯ ವಕೀಲರೇ ಮೂರು ಜನ ತೀರ್ಕೊಂಡ್ರು. ನಾನು ಇನ್ನೂ ಮೆಟ್ಟಿಲು ಹತ್ತಿ ಬರ್ತಿದೀನಿ. ಅವನು ನಡೆಸದೆ ಆಗುತ್ತಾ?”

“ಅದು ನಿಮ್ಮ ಆರೋಗ್ಯ, ಅಜ್ಜಿ,” ಎಂದರು ಮೇಷ್ಟ್ರು.

“ಆರೋಗ್ಯ ಯಾರು ಕೊಟ್ಟಿದ್ದು?”

“ಯಾರೂ ಕೊಡಲ್ಲ. ತಾನಾಗೇ ಇರುತ್ತೆ.”

“ಹಂಗಾದ್ರೆ ನಿಮಗ್ಯಾಕೆ ಇಲ್ಲ?”

ಮೇಷ್ಟ್ರು ಉತ್ತರ ಕೊಡಹೋಗಿ ಐದು ನಿಮಿಷ ಕೆಮ್ಮಿದರು. ದರ್ಜಿಯ ನಾಸ್ತಿಕತೆ ಅಲ್ಲಿಗೆ ಬಿತ್ತು.

ಉಳಿದದ್ದು ಆತ್ಮಸಾಕ್ಷಿ. ಯೋಚಿಸಿದಷ್ಟೂ ಅದೇ ವಾಸಿ ಎನಿಸಿತು. ಎಷ್ಟೆಂದರೂ ಮನೆಯ ಪೈಕಿ. ನಾಲ್ಕು ದಿನ ಮುನಿಸಿಕೊಂಡು ಸುಮ್ಮನಾಗುತ್ತದೆ. ದೇವರ ತಂಟೆಯೇ ಬೇಡ. ದರ್ಜಿ ಗುಮಾಸ್ತರ ಹತ್ತಿರ ಹಾಗೆಯೇ ಬರೆಸಿದ.

ಸಾಕ್ಷಿಕಟ್ಟೆ ಹತ್ತಿದಾಗ ನ್ಯಾಯಾಧೀಶರು ಆ ಹಾಳೆ ನೋಡಿ ಪೆನ್ನು ಕೆಳಗಿಟ್ಟರು.

“ದೇವರನ್ನ ನಂಬಲ್ವೇನ್ರಿ?”

ನಂಬಲ್ಲ ಎನ್ನಲು ದರ್ಜಿ ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ. “ಛೆ ಛೆ, ನಂಬ್ತೀನಿ ಸ್ವಾಮಿ.”

“ಮತ್ತೆ ಅವನ ಹೆಸರು ಹೇಳೋಕೇನು ಕಷ್ಟ?”

“ಕಷ್ಟ ಅಂತಲ್ಲ... ಪಾಪ, ಅವನನ್ನ ಯಾಕೆ ಇದರೊಳಗೆ ಎಳೆಯೋದು ಅಂತ.”

ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು. ಭಾವ ಹಣೆ ಚಚ್ಚಿಕೊಂಡ.

“ಇಪ್ಪತ್ತು ವರ್ಷದಿಂದ ನೋಡ್ತಿದೀನಿ,” ಎಂದರು ನ್ಯಾಯಾಧೀಶರು. “ನಂಬೋರು ಅವನ ಹೆಸರು ಬೇಡ ಅಂದ್ರೇನೇ ನನಗೆ ಅನುಮಾನ. ಈಗ ನೀವೇ ಹೇಳಿ, ಯಾರ ಹೆಸರಲ್ಲಿ?”

ದರ್ಜಿ ಭಾವನ ಕಡೆಗೊಮ್ಮೆ ನೋಡಿದ. ಕೊನೆಗೆ ಕೈ ಮುಗಿದು ದೇವರ ಹೆಸರಲ್ಲೇ ಪ್ರಮಾಣ ಮಾಡಿದ.

“ವ್ಯಾನೇ ಗುದ್ದಿದ್ದು ಸ್ವಾಮಿ. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅಂದವನು ನಾನೇ.”

ಹೇಳಿ ಮುಗಿಸಿದಾಗ ಎಷ್ಟು ಹಾಯೆನಿಸಿತೆಂದರೆ, ಅಂಗಡಿಯ ವಿಷಯವೇ ಮರೆತುಹೋಗಿತ್ತು. ಭಾವ ಮರೆತಿರಲಿಲ್ಲ. ಹೊರಗೆ ಬಂದವನೇ ಕೈ ಚಾಚಿದ. “ಬೀಗದ ಕೈ ಕೊಡು. ನಾಳೆ ಬಂದು ಮಿಷನ್ ಎತ್ಕೊಂಡು ಹೋಗು.”

ದರ್ಜಿ ಕೊಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿಗೆ ಏನು ಹೇಳುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಕೇಸು ಹಾಕಿದ್ದ ಗೋಡೆಯ ಯಜಮಾನರು ಎರಡೂ ಕೈ ಜೋಡಿಸಿಕೊಂಡು ಓಡಿಬಂದರು.

“ದೊಡ್ಡ ಮನುಷ್ಯರು ಕಣ್ರೀ ನೀವು! ಈ ಕಾಲದಲ್ಲಿ ನಿಜ ಹೇಳೋರು ಎಲ್ಲಿದಾರೆ? ನನ್ನ ಮನೆ ಮುಂದಿನ ರೂಮು ಖಾಲಿ ಇದೆ. ನಾಳೆಯಿಂದಲೇ ಅಂಗಡಿ ಹಾಕ್ಕೊಳ್ಳಿ.”

ದರ್ಜಿಯ ಕಣ್ಣು ತುಂಬಿಬಂತು. ಇದಾನೆ, ಖಂಡಿತ ಇದಾನೆ!

ಯಜಮಾನರು ಪಕ್ಕದಲ್ಲೇ ಕೂತು ದನಿ ತಗ್ಗಿಸಿದರು. “ಮುಂದಿನ ತಿಂಗಳು ನನ್ನ ಮೇಲೂ ಒಂದು ಕೇಸಿದೆ. ನಮ್ಮ ನಾಯಿ ಯಾರನ್ನೋ ಕಚ್ಚಿತಂತೆ. ‘ನಾಯಿ ಅವತ್ತು ಕಟ್ಟಿಹಾಕಿತ್ತು, ನಾನೇ ನೋಡ್ದೆ’ ಅಂತ ನೀವೊಂದು ಮಾತು ಹೇಳಿದ್ರೆ ಸಾಕು. ಆದ್ರೆ ಆ ಆತ್ಮಸಾಕ್ಷಿ ಗೀತ್ಮಸಾಕ್ಷಿ ಎಲ್ಲ ಬೇಡ. ದೇವರ ಹೆಸರಲ್ಲೇ ಹೇಳ್ಬೇಕು. ಇನ್ಮೇಲೆ ನೀವು ಹೇಳಿದ್ರೆ ಜಡ್ಜು ಕಣ್ಣು ಮುಚ್ಕೊಂಡು ನಂಬ್ತಾರೆ.”