ಇನ್ ಸ್ಪೈಟ್ ಆಫ್ ಸಾಹೇಬರು

ಬೆಳಿಗ್ಗೆ ಮಗಳು ಬಾಯಿ ಮುಚ್ಚಿಕೊಂಡು ಕಾಲೇಜಿಗೆ ಹೋಗಿದ್ದರೆ ಹೆಡ್‌ಕ್ಲರ್ಕರ ದಿನ ಸುಸೂತ್ರವಾಗಿ ಕಳೆದುಹೋಗುತ್ತಿತ್ತು. ಅವಳು ಹಾಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಅಪ್ಪನ ಭಾಷಣ ಪೂರ್ತಿ ಕೇಳಿಸಿಕೊಂಡು, "ಇದೇನಪ್ಪಾ, ಭಾಷಣನಾ ಇಟ್ಟಿಗೆ ರಾಶಿನಾ? ಗಾರೆನೇ ಹಾಕಿಲ್ವಲ್ಲ!" ಅಂದುಬಿಟ್ಟಳು.

"ಗಾರೆ ಅಂದ್ರೆ?"

"ಜೋಡಿಸೋ ಪದಗಳು. ಬಿಕಾಸ್, ಆಲ್ದೋ, ಅನ್‌ಲೆಸ್, ದೇರ್‌ಫೋರ್... ಅವಿಲ್ದೇ ಇದ್ರೆ ಚಿಕ್ಕ ಮಕ್ಕಳ ಇಂಗ್ಲಿಷ್ ಥರ ಕೇಳುತ್ತೆ. ಬಸ್ ಬಂತು, ನಾ ಹೊರಟೆ."

ಯಾವ ಪದ ಎಲ್ಲಿ ಹಾಕಬೇಕು ಅಂತ ಕೇಳುವಷ್ಟರಲ್ಲಿ ಅವಳು ಬೀದಿ ತಿರುವು ದಾಟಿದ್ದಳು.

ನೀರಿನ ಮೀಟರ್ ರಿಪೇರಿ ಮಾಡುವ ಹೆಡ್‌ಕ್ಲರ್ಕರ ಕಚೇರಿಯಲ್ಲಿ ಅವತ್ತು ಸಾಹೇಬರ ಬೀಳ್ಕೊಡುಗೆ. ಮುಖ್ಯ ಕಚೇರಿಯಿಂದ ಡೈರೆಕ್ಟರ್ ಮೇಡಂ ಬರುವವರಿದ್ದರು. ಖಾಲಿಯಾಗುವ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಹೇಳುವವರೂ ಅವರೇ. ಸೇವೆ ಲೆಕ್ಕಕ್ಕೆ ಬಂದರೆ ಹೆಡ್‌ಕ್ಲರ್ಕರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅಡ್ಡ ನಿಂತಿದ್ದು ಇಂಗ್ಲಿಷ್ ಒಂದೇ. ಅದನ್ನೂ ಇವತ್ತು ದಾಟಿಬಿಡೋಣ ಅಂತ ಅವರು ಸಣ್ಣ ಸಣ್ಣ ವಾಕ್ಯಗಳ ಭಾಷಣವೊಂದನ್ನು ಬಾಯಿಪಾಠ ಮಾಡಿದ್ದರು. ಸಾಹೇಬರು ಬಂದರು. ಕಚೇರಿ ಬೆಳೆಯಿತು. ಅವರು ಪ್ರಾಮಾಣಿಕರು. ನಾವು ಅವರನ್ನು ನಂಬುತ್ತೇವೆ. ಇಂಥವೇ. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯವೂ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿತ್ತು.

ಅದರಲ್ಲಿ ಸುಳ್ಳು ತುಸು ಜಾಸ್ತಿ ಇತ್ತು, ನಿಜ. ಸಾಹೇಬರು ಬಂದ ಮೇಲೆ ಬೆಳೆದಿದ್ದು ರಿಪೇರಿಯಾಗದ ಮೀಟರುಗಳ ಗುಡ್ಡೆ ಮಾತ್ರ. ಕಚೇರಿ ಕಳೆಕಳೆಯಾಗಿ ಕಾಣಲಿ ಅಂತ ಅವರು ಒಮ್ಮೆ ಎಲ್ಲ ಮೀಟರುಗಳಿಗೂ ನೀಲಿ ಬಣ್ಣ ಬಳಿಸಿದ್ದರು, ಗಾಜಿಗೂ ಸೇರಿಸಿ. ಅಂಕಿ ಕಾಣಬೇಕಲ್ಲ ಅಂತ ಅದನ್ನು ಕೆರೆಯುವುದರಲ್ಲೇ ಒಂದು ಬೇಸಿಗೆ ಕಳೆದಿತ್ತು. ಆದರೆ ಬೀಳ್ಕೊಡುಗೆ ಭಾಷಣದಲ್ಲಿ ನಿಜ ಹೇಳುವವರು ಯಾರು?

ಕಚೇರಿಗೆ ಬಂದವರೇ ಹೆಡ್‌ಕ್ಲರ್ಕರು ಸ್ಟೋರ್‌ಕೀಪರನ ಹತ್ತಿರ ಮೆಲ್ಲಗೆ ವಿಷಯ ಎತ್ತಿದರು. ಅವನ ಹತ್ತಿರ ಹೇಳಿದ ಗುಟ್ಟು ಮೈಕಿನಲ್ಲಿ ಹೇಳಿದ ಹಾಗೆ. ಚಹಾ ಆರುವ ಮೊದಲೇ ಎಲ್ಲರೂ ಮೇಜಿನ ಸುತ್ತ ನೆರೆದರು.

"ಆಲ್ದೋ ಹಾಕಿ ಅಣ್ಣಾ," ಅಂದ ಸ್ಟೋರ್‌ಕೀಪರ್. "ವಾಕ್ಯದ ತಲೆ ಮೇಲೆ ಆಲ್ದೋ ಇದ್ರೆ ಕಿರೀಟ ಇಟ್ಟ ಹಾಗೆ."

"ಅರ್ಥ ಏನೋ?"

"ಕಿರೀಟಕ್ಕೆ ಅರ್ಥ ಇರುತ್ತಾ? ಗತ್ತು ಇರುತ್ತೆ."

ಟೈಪಿಸ್ಟ್ ಅಕ್ಕ ಕನ್ನಡಕ ಮೇಲೇರಿಸಿದಳು. "ಅನ್‌ಲೆಸ್ ಮರೀಬೇಡಿ. ದೊಡ್ಡ ಕಂಪನಿಯೋರು ಕಳಿಸೋ ಕಾಗದದಲ್ಲೆಲ್ಲ ಅನ್‌ಲೆಸ್ ಇದ್ದೇ ಇರುತ್ತೆ. ನಾನೇ ಟೈಪ್ ಮಾಡಿ ಮಾಡಿ ಬೆರಳು ಸವೆಸ್ಕೊಂಡಿದ್ದೀನಿ."

"ಬಿಕಾಸ್ ಆಫ್ ಸಾಹೇಬ್, ಆಫೀಸ್ ಗ್ರೂ, ಅಂದ್ರೆ ಹೇಗೆ? ಸಾಹೇಬ್ರಿಂದ ಕಚೇರಿ ಬೆಳೀತು ಅಂತ," ಹೆಡ್‌ಕ್ಲರ್ಕರು ಅಳುಕುತ್ತಲೇ ಕೇಳಿದರು. ಪಾಪ, ಅದು ಸರಿಯಾಗಿಯೇ ಇತ್ತು.

ಕ್ಯಾಷಿಯರ್ ಮೂಗು ಮುರಿದ. ಅವನ ಭಾವಮೈದ ಹಡಗಿನಲ್ಲಿ ಕೆಲಸಕ್ಕಿದ್ದ. ಹಾಗಾಗಿ ಇಂಗ್ಲಿಷಿನ ವಿಷಯ ಬಂದರೆ ಕಚೇರಿಯಲ್ಲಿ ಅವನ ಮಾತೇ ಕೊನೆಯದು. "ಬಿಕಾಸ್ ಆಫ್ ಎಲ್ಲ ನಮ್ಮ ನಿಮ್ಮಂಥೋರಿಗೆ ಸ್ವಾಮಿ. ದೊಡ್ಡೋರಿಗೆ ಇನ್ ಸ್ಪೈಟ್ ಆಫ್ ಅಂತಾರೆ. ಎರಡೂ ಒಂದೇ, ಇದು ಸ್ವಲ್ಪ ಗೌರವದ್ದು. ನೀನು, ನೀವು ಇದ್ದ ಹಾಗೆ."

ಈ ವಿವರಣೆ ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ಸಾಹೇಬರನ್ನು ಬಿಕಾಸ್ ಆಫ್ ಅಂತ ಏಕವಚನದಲ್ಲಿ ಕರೆಯಲು ಹೊರಟಿದ್ದ ಹೆಡ್‌ಕ್ಲರ್ಕರನ್ನು ನೋಡಿ ಟೈಪಿಸ್ಟ್ ಅಕ್ಕ ನಾಲಿಗೆ ಕಚ್ಚಿಕೊಂಡಳು.

ಹೆಡ್‌ಕ್ಲರ್ಕರು ಮಗಳಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಊಟದ ಹೊತ್ತಿಗೆ ಮಾಡಿದರು. ಆಗಲೂ ಅಷ್ಟೇ. ಇನ್ನು ಬೇರೆ ದಾರಿ ಇಲ್ಲದೆ ಮೀಟರ್ ಕಪಾಟುಗಳ ನಡುವೆ ನಿಂತು, ಇಟ್ಟಿಗೆಗಳ ಮಧ್ಯೆ ಹೊಸ ಗಾರೆ ಮೆತ್ತುತ್ತಾ ಗೊಣಗತೊಡಗಿದರು. ಸಾಹೇಬರು ಅದೇ ದಾರಿಯಲ್ಲಿ ಬಂದು, "ಏನಯ್ಯಾ, ನನ್ನ ಬಿಟ್ಟಿರೋಕೆ ಆಗಲ್ಲ ಅಂತ ಅಳ್ತಾ ಇದ್ದೀಯಾ?" ಅಂತ ಬೆನ್ನು ತಟ್ಟಿ ಹೋದರು.

ಸಂಜೆ ಸಭೆ ಸೇರಿತು. ಡೈರೆಕ್ಟರ್ ಮೇಡಂ ಬಂದು ಕೂತರು. ಸಣ್ಣ ಆಳು, ಆದರೆ ನೋಟ ಮಾತ್ರ ಸ್ಕ್ರೂಡ್ರೈವರಿನ ಹಾಗೆ ತಿರುಪುತ್ತಾ ಒಳಗಿಳಿಯುವಂಥದು. ಹೆಡ್‌ಕ್ಲರ್ಕರು ಎದ್ದರು, ಗಂಟಲು ಸರಿಮಾಡಿಕೊಂಡರು.

"ಇನ್ ಸ್ಪೈಟ್ ಆಫ್ ಅವರ್ ಸಾಹೇಬ್, ದಿಸ್ ಆಫೀಸ್ ಗ್ರೂ!"

ಸಾಹೇಬರು ಇದ್ದಾಗ್ಯೂ ಕಚೇರಿ ಬೆಳೆಯಿತು! ಮೇಡಂ ತಟ್ಟನೆ ತಲೆಯೆತ್ತಿದರು. ಕ್ಯಾಷಿಯರ್ ಮೊದಲ ಚಪ್ಪಾಳೆ ಹಾಕಿದ. ಸಾಹೇಬರು ಸಂಕೋಚದಿಂದ ಕೈಯಾಡಿಸಿದರು.

"ಆಲ್ದೋ ಹಿ ಈಸ್ ಆನೆಸ್ಟ್, ವಿ ಟ್ರಸ್ಟ್ ಹಿಮ್!"

ಪ್ರಾಮಾಣಿಕರಾದರೂ ಪರವಾಗಿಲ್ಲ, ನಂಬುತ್ತೇವೆ! ಸ್ಟೋರ್‌ಕೀಪರ್ ಶಿಳ್ಳೆ ಹೊಡೆದ.

"ಹಿ ವರ್ಕ್ಡ್ ಹಾರ್ಡ್, ಅನ್‌ಲೆಸ್ ಹಿ ವಾಸ್ ಇನ್ ದಿ ಆಫೀಸ್!"

ಕಚೇರಿಯಲ್ಲಿ ಇದ್ದಾಗೊಂದು ಬಿಟ್ಟರೆ ಉಳಿದಂತೆ ತುಂಬಾ ದುಡಿದರು! ಮೇಡಂ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ದುಃಖ ತಡೆಯಲಾಗುತ್ತಿಲ್ಲ ಅಂತ ತಿಳಿದು ಹೆಡ್‌ಕ್ಲರ್ಕರಿಗೆ ಹುರುಪು ಬಂತು. ದನಿ ಏರಿಸಿದರು.

"ಟುಡೇ ಹಿ ಈಸ್ ಗೋಯಿಂಗ್. ದೇರ್‌ಫೋರ್, ದಿ ಆಫೀಸ್ ವಿಲ್ ಡೂ ವೆಲ್!"

ಇವರು ಹೋಗುತ್ತಿದ್ದಾರೆ, ಆದ್ದರಿಂದ ಕಚೇರಿ ಉದ್ಧಾರವಾಗುತ್ತದೆ! ಚಪ್ಪಾಳೆ ಕಿವಿಗಡಚಿಕ್ಕಿತು. ಸಾಹೇಬರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಕೇಕು ಹಂಚುವಾಗ ಮೇಡಂ ಹೆಡ್‌ಕ್ಲರ್ಕರನ್ನು ಕಪಾಟುಗಳ ಹಿಂದಕ್ಕೆ ಕರೆದರು. ಕುರ್ಚಿ ಸಿಕ್ಕಿತು ಅಂತಲೇ ಇವರು ಅಂಗಿ ಸರಿಮಾಡಿಕೊಂಡು ಹೋದರು.

"ನಿಮ್ಮಂಥ ಧೈರ್ಯವಂತರನ್ನ ನಾನು ನೋಡೇ ಇಲ್ಲ," ಮೇಡಂ ಅಚ್ಚ ಕನ್ನಡದಲ್ಲಿ ಪಿಸುಗುಟ್ಟಿದರು. "ಸಾಹೇಬರನ್ನ ಎದುರಿಗೇ ಕೂರಿಸ್ಕೊಂಡು, ಇವರಿದ್ರೂ ಕಚೇರಿ ಬೆಳೀತು, ಕಚೇರೀಲಿ ಇದ್ದಾಗ ಮಾತ್ರ ಇವರು ಕೆಲಸ ಮಾಡ್ಲಿಲ್ಲ ಅಂದ್ರಲ್ಲ! ಅವರಿಗೆ ಅರ್ಥ ಆಗಲ್ಲ ಅಂತ ಲೆಕ್ಕ ಹಾಕಿ ಇಂಗ್ಲಿಷ್‌ನಲ್ಲಿ ಹೇಳಿದ್ರಿ ನೋಡಿ, ಅದು ಜಾಣತನ!"

ತಾವು ಹೇಳಿದ್ದರ ಅರ್ಥ ಹೆಡ್‌ಕ್ಲರ್ಕರಿಗೆ ಹೊಳೆದದ್ದೇ ಆಗ. "ಮೇಡಂ, ಅದು..."

"ಹೇಳ್ಬೇಡಿ, ಗೊತ್ತು. ನಿಮ್ಮ ಭಾಷೆ ಎಷ್ಟು ಹರಿತ! ನಿಜ ಹೇಳ್ಲಾ? ಆ ಕುರ್ಚಿಗೆ ನಿಮ್ಮ ಹೆಸರೇ ಘೋಷಣೆ ಮಾಡೋಣ ಅಂತ ಬಂದಿದ್ದೆ."

ಹೆಡ್‌ಕ್ಲರ್ಕರು ಬಾಯಿಗೆ ಬಂದಿದ್ದ ನಿಜವನ್ನು ಗುಟುಕ್ಕನೆ ನುಂಗಿಕೊಂಡರು. ಇಂಗ್ಲಿಷ್ ಬರುವುದಿಲ್ಲ ಅಂತ ಈಗ ಒಪ್ಪಿಕೊಂಡರೆ ಕುರ್ಚಿ ಹೋಗುತ್ತದೆ. ಧೈರ್ಯವಂತನಾಗಿ ಉಳಿದರೆ ಕುರ್ಚಿ ನನ್ನದು! "ಏನೋ ಮೇಡಂ, ಮನಸ್ಸಲ್ಲಿ ಇದ್ದಿದ್ದು ಹೇಳಿದೆ," ಅಂದು ವಿನಯದಿಂದ ತಲೆ ಬಾಗಿಸಿದರು.

"ಅದನ್ನೇ ಕೇಳಿ ನನ್ನ ಕಣ್ಣು ತೆರೀತು. ಸಾಹೇಬರು ಕೂತಿದ್ರೂ ಕೆಲಸ ತಾನಾಗೇ ನಡೆದಿದೆ ಅಂದ್ರೆ, ಆ ಹುದ್ದೆಯ ಅಗತ್ಯವೇ ಇಲ್ಲ ಅಂತಾಯ್ತಲ್ವಾ? ಇವತ್ತಿಂದ ಅದನ್ನ ರದ್ದು ಮಾಡ್ತಿದ್ದೀನಿ. ಇಷ್ಟು ದಿನ ನೋಡ್ಕೊಂಡ ಹಾಗೇ ನೀವು ನಿಮ್ಮ ಜಾಗದಲ್ಲೇ ಕೂತು ಎಲ್ಲ ನೋಡ್ಕೊಳ್ಳಿ. ತನಗೆ ಬರೋ ಕುರ್ಚಿನೇ ಬೇಡ ಅಂತ ಸತ್ಯ ಹೇಳೋರು ಎಷ್ಟು ಜನ ಸಿಗ್ತಾರೆ!"

ಮೇಡಂ ಹೋಗಿ ಎಲ್ಲರೆದುರು ಹೇಳಿದ್ದು ಒಂದೇ ಮಾತು: ಸಾಹೇಬರ ಜಾಗಕ್ಕೆ ಇನ್ನು ಯಾರನ್ನೂ ನೇಮಿಸುವುದಿಲ್ಲ, ಕುರ್ಚಿಯನ್ನು ನೆನಪಿಗೆ ಸಾಹೇಬರೇ ಮನೆಗೆ ಒಯ್ಯಬಹುದು.

ಸಾಹೇಬರು ಓಡಿಬಂದು ಹೆಡ್‌ಕ್ಲರ್ಕರನ್ನು ತಬ್ಬಿಕೊಂಡರು. "ನನ್ನ ಕುರ್ಚೀಲಿ ಇನ್ನೊಬ್ಬ ಕೂರೋ ಹಾಗೇ ಇಲ್ಲ ಅಂತ ಮೇಡಂಗೆ ಅನ್ನಿಸೋ ಥರ ಮಾತಾಡಿದ್ಯಲ್ಲಯ್ಯಾ! ಹೆತ್ತ ಮಗನೂ ಹೀಗೆ ಮಾಡಲ್ಲ. ಬೇರೆ ಯಾರೂ ಅದನ್ನ ಮುಟ್ಟೋದು ಬೇಡ. ನೀನೇ ಎತ್ಕೊಂಡು ಬಾ."

ಕುರ್ಚಿ ತೇಗದ ಮರದ್ದು. ಹೆಡ್‌ಕ್ಲರ್ಕರು ಅದನ್ನು ತಲೆಯ ಮೇಲೆ ಹೊತ್ತು, ಎರಡೂ ಕೈಯಲ್ಲಿ ಕಾಲುಗಳನ್ನು ಹಿಡಿದು, ಚಪ್ಪಾಳೆಯ ನಡುವೆ ಮೆಟ್ಟಿಲಿಳಿದು ಹೋಗಿ ಸಾಹೇಬರ ಕಾರಿನೊಳಗೆ ಇಟ್ಟು ಬಂದರು.